ಅಣ್ಣ ಕಾವಲು ಬಿಟ್ಟು ಬಂದ ಮಳೆಗಾಲ

ನಮ್ಮ ಮನೆಯಲ್ಲಿ ಯಾರಿಗಾದರೂ ಡಿಗ್ರಿ ಆಗುವುದು ಸಾಧ್ಯವೇ ಇಲ್ಲ ಎಂದು ಹೇಳಿದವರು ದೇವಪ್ಪ ಮಾವ, ನನ್ನ ಅಮ್ಮನ ಅಣ್ಣ. ಮನೆಯೊಳಗೆ ಹೇಳಿದ್ದರೆ ಮರೆತುಬಿಡಬಹುದಿತ್ತು. ಅವರು ಭಟ್ಕಳ ಬಂದರಿನಲ್ಲಿ, ಮೀನು ಹರಾಜಿನ ಗಲಾಟೆಯ ನಡುವೆ, ಇಡೀ ಕೇರಿಗೆ ಕೇಳುವಂತೆ ಹೇಳಿದರು. ನನ್ನ ಅಣ್ಣ ಮಂಜುನಾಥ ಪಿಯುಸಿ ಮುಗಿಸಿ ಹೊನ್ನಾವರದ ಕಾಲೇಜಿಗೆ ಅರ್ಜಿ ಹಾಕಿದ್ದ ವರ್ಷ ಅದು.

"ಬಲೆ ಎಳೆಯೂ ಮಕ್ಕಳಿಗೆ ಎಂತ ಡಿಗ್ರಿಯಾ? ಅಂವ ಪಾಸಾದ್ರೆ ನಾ ಮೀಸೆ ಬೋಳಿಸ್ತೆ. ನೋಡ್ತಾ ಇರಿ ಎಲ್ಲರೂ."

ಮಾವನ ಮೀಸೆ ಸಣ್ಣದೇನಲ್ಲ. ಎರಡು ದೋಣಿಯ ಮಾಲಕ, ಕೇರಿಯ ಸಂಘದ ಅಧ್ಯಕ್ಷ, ಆ ಗತ್ತೆಲ್ಲ ಮೀಸೆಯಲ್ಲೇ ಇತ್ತು. ಅಣ್ಣ ಬೆಳಗಿನ ಬಸ್ಸಿಗೆ ಹೋಗಿ, ಸಂಜೆ ಬಂದು ಬಂದರಿನಲ್ಲಿ ಐಸ್ ಒಡೆದು, ಎನ್‌ಸಿಸಿ ಪೆರೇಡಿನ ಬೂಟನ್ನು ಅದೇ ಐಸಿನ ನೀರಿನಲ್ಲಿ ತೊಳೆದು, ಡಿಗ್ರಿ ಪಾಸಾದ. ಮೇಲಿನ ದರ್ಜೆಯಲ್ಲೇ ಪಾಸಾದ. ಮಾವ ಮಾತಿಗೆ ತಪ್ಪಲಿಲ್ಲ. ಮೀಸೆ ಬೋಳಿಸಿಕೊಂಡು ಬಂದವರನ್ನು ನೋಡಿ ಅತ್ತೆ ಬಾಗಿಲಲ್ಲೇ ನಕ್ಕು ಕೂತುಬಿಟ್ಟಳು. ಆಮೇಲೆ ಅಣ್ಣ ಸೈನ್ಯದ ಅಧಿಕಾರಿಯಾಗಿ ಆಯ್ಕೆಯಾದಾಗ ಮಾವ ಹೊಸ ಮೀಸೆ ಬಿಟ್ಟರು. ಹಳೆಯದಕ್ಕಿಂತ ದಪ್ಪ. "ಇದು ಆಫೀಸರ್ ಮಾವನ ಮೀಸೆ, ಕೈ ಹಚ್ಚೂಕಾಗ" ಎಂದು ಮಕ್ಕಳನ್ನು ಗದರಿಸುತ್ತಿದ್ದರು. ಸಮವಸ್ತ್ರ ತೊಟ್ಟ ಅಣ್ಣನ ಫೋಟೋ ಹಾಕಿಸಿ ಒಂದು ದೊಡ್ಡ ಫ್ಲೆಕ್ಸ್ ಮಾಡಿಸಿ, ನಮ್ಮೂರು ಹೆಬಳೆಯ ರಸ್ತೆ ತಿರುವಿನಲ್ಲಿ ಕಟ್ಟಿಸಿದ್ದೂ ಅವರೇ.

ಆ ಫ್ಲೆಕ್ಸನ್ನು ಮೊನ್ನೆ ಮತ್ತೆ ನೋಡಿದೆ. ನಾನೀಗ ಕುಮಟಾ ತಾಲೂಕಿನ ಕಾಗಾಲ ಕಡೆಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ರಜೆಗೆ ಊರಿಗೆ ಹೋದಾಗ ಮಾವನ ಶೆಡ್ಡಿನಿಂದ ಒಂದು ಹಗ್ಗ ತರಲು ಅಮ್ಮ ಹೇಳಿದಳು. ಹೊರಗೆ ಮಳೆ. ಒಳಗೆ ಒದ್ದೆ ಬಲೆ, ಸೀಮೆಎಣ್ಣೆ, ಒಣಗಿದ ಏಡಿಕಾಲು, ಎಲ್ಲ ಸೇರಿದ ಆ ವಾಸನೆ. ಬಲೆಯ ರಾಶಿಯ ಮೇಲೆ ಫ್ಲೆಕ್ಸ್ ಹೊದಿಸಿದ್ದರು. ಹಂಚಿನ ಸಂದಿಯಿಂದ ಸೋರುವ ನೀರು ಅಣ್ಣನ ಮುಖದ ಮೇಲೆ ಟಪ್ ಟಪ್ ಬೀಳುತ್ತಿತ್ತು. ಬಣ್ಣ ಹೋದರೂ ಟೋಪಿ ಗುರುತು ಸಿಗುತ್ತಿತ್ತು. ನಾನು ಹಗ್ಗ ಮರೆತು ಹಾಗೇ ವಾಪಸು ಬಂದೆ.

ಅಣ್ಣ ಗಡಿಯಲ್ಲಿದ್ದ ಆ ವರ್ಷ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅಣ್ಣ ಓದಿದ ಕಾಲೇಜು, ಅಣ್ಣ ಹತ್ತುತ್ತಿದ್ದ ಬಸ್ಸು. ಕಾಲೇಜಿನಲ್ಲಿ ನನಗೆ ಹೆಸರೇ ಇರಲಿಲ್ಲ, ಎಲ್ಲರಿಗೂ ನಾನು ಕ್ಯಾಪ್ಟನ್ ತಂಗಿ. ಅದನ್ನು ನಾನು ಬೇಡ ಅನ್ನಲೂ ಇಲ್ಲ. ಸೀಟಿಲ್ಲದ ಬಸ್ಸಿನಲ್ಲೂ ಬೆನ್ನು ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಿದ್ದೆ.

ಮಳೆಗಾಲದಲ್ಲಿ ಯಂತ್ರದ ದೊಡ್ಡ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಸರಕಾರದ ನಿಷೇಧ. ಆಗ ನಾಡದೋಣಿಯವರ ಸರದಿ. ಅಪ್ಪ ಆ ತಿಂಗಳುಗಳಲ್ಲಿ ಹೊನ್ನಾವರದ ಕಾಸರಕೋಡಿಗೆ ಹೋಗಿ ಒಂದು ನಾಡದೋಣಿಗೆ ತಾಂಡೇಲನಾಗಿ ನಿಲ್ಲುತ್ತಿದ್ದ. ತಾಂಡೇಲ ಎಂದರೆ ದೋಣಿ ನಡೆಸುವವನು. ಎಲ್ಲಿ ಬಲೆ ಬಿಡಬೇಕು, ಯಾವಾಗ ತಿರುಗಬೇಕು, ಎಲ್ಲ ಅವನ ಮಾತು. ದೋಣಿಯಲ್ಲಿದ್ದವರ ಜೀವಕ್ಕೂ ಅವನೇ ಹೊಣೆ. ಶರಾವತಿ ಕಡಲಿಗೆ ಸೇರುವ ಅಳಿವೆಯಲ್ಲಿ ಮರಳು ದಿನಕ್ಕೊಂದು ಕಡೆ ದಿಬ್ಬವಾಗುತ್ತದೆ. ಆಷಾಢದ ತೆರೆಯಲ್ಲಿ ಅದನ್ನು ದಾಟಿ ಒಳಗೆ ಬರುವುದು ತಾಂಡೇಲನ ಪರೀಕ್ಷೆ.

ಒಂದು ಮಧ್ಯಾಹ್ನ ಕ್ಲಾಸಿನ ಬಾಗಿಲಲ್ಲಿ ಜವಾನ ನಿಂತು ನನ್ನನ್ನು ಕರೆದ. ಅಪ್ಪನ ದೋಣಿ ಅಳಿವೆಯಲ್ಲಿ ಮಗುಚಿತ್ತು. ನಾಲ್ವರು ಈಜಿ ದಡ ಸೇರಿದ್ದರು. ಅಪ್ಪ ಮತ್ತು ನಮ್ಮ ಕೇರಿಯವನೇ ಆದ ತಿಮ್ಮಪ್ಪಣ್ಣ ಸಿಕ್ಕಿರಲಿಲ್ಲ.

ನಮ್ಮ ಕೇರಿಯಲ್ಲಿ ಒಂದು ಕ್ರಮವಿದೆ. ಕಡಲಲ್ಲಿ ಯಾರಾದರೂ ಹೋದರು ಎಂಬ ಸುದ್ದಿ ಬಂದರೆ ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ದಡಕ್ಕೆ ಹೋಗಬೇಕು. ಯಾರನ್ನೂ ಕೇಳುವ ಹಾಗಿಲ್ಲ. ಮೀನು ಮಾರುತ್ತಿದ್ದವರು ಬುಟ್ಟಿ ಬಿಟ್ಟು ಏಳುತ್ತಾರೆ, ಗಾರೆ ಕೆಲಸದವನು ಕಲಸಿದ ಸಿಮೆಂಟು ಬಿಟ್ಟು ಬರುತ್ತಾನೆ. ಹೆಣವಾಗಿ ಬಂದರೆ ಮೊದಲು ಮುಟ್ಟುವವನು ಮಗ. ಮಗ ಬರುವವರೆಗೆ ನೀರಿನ ಅಂಚಿನಲ್ಲೇ ಮಲಗಿಸಿ ಸುತ್ತ ನಿಲ್ಲುತ್ತಾರೆ. ಮಗ ಎಷ್ಟು ದೂರ ಇದ್ದರೂ ಫೋನಿನಲ್ಲಿ ಹೇಳುವುದು ಎರಡೇ ಮಾತು: ದಡಕ್ಕೆ ಬಾ.

ನಾನು ಕಾಸರಕೋಡು ಮುಟ್ಟುವಾಗ ಅಮ್ಮ, ಮಾವ ಎಲ್ಲ ಬಂದಿದ್ದರು. ಗಾಳಿ ಮರಳನ್ನು ಮುಖಕ್ಕೆ ಎರಚುತ್ತಿತ್ತು. ಅಮ್ಮ ಅಳುತ್ತಿರಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ತೆರೆ ನೋಡುತ್ತಾ ನಿಂತಿದ್ದಳು. ಮಾವ ಫೋನನ್ನು ಅವಳ ಕೈಗೆ ಕೊಟ್ಟರು.

"ಮಂಜಂಗೆ ಹಚ್ಚಿದ್ದೆ. ಮಾತಾಡು."

"ಮಂಜಾ," ಎಂದಳು ಅಮ್ಮ. "ದೋಣಿ ಮಗುಚಿತು. ಅಪ್ಪ ಕಾಂತಿಲ್ಲ. ನೀ ದಡಕ್ಕೆ ಬಾ."

ಆ ಕಡೆಯಿಂದ ಅಣ್ಣ ಏನು ಹೇಳಿದ ಎಂದು ಕೇಳಿಸಲಿಲ್ಲ. ಅಮ್ಮ "ಆತು" ಎಂದು ಫೋನ್ ಕೊಟ್ಟಳು. ಅಣ್ಣ ಆಗ ಉತ್ತರದ ಗಡಿಯ ಒಂದು ಬೆಟ್ಟದ ಮೇಲಿನ ಕಾವಲು ನೆಲೆಯಲ್ಲಿದ್ದ. ಅಲ್ಲಿ ಅವನೊಬ್ಬನೇ ಅಧಿಕಾರಿ. ಅದು ನಮಗೆಲ್ಲ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ಯಾರ ತಲೆಗೂ ಅದು ಹೋಗಲಿಲ್ಲ. ಮಗ ಎಂದ ಮೇಲೆ ಬರಬೇಕು, ಅಷ್ಟೇ.

ಮರುದಿನ ಬೆಳಿಗ್ಗೆ ಮಂಕಿಯ ಕಡೆಯ ಬಂಡೆಗಳ ಸಂದಿಯಲ್ಲಿ ಕಪ್ಪೆಚಿಪ್ಪು ಹೆರೆಯಲು ಹೋದ ಹೆಂಗಸರಿಗೆ ಅಪ್ಪ ಸಿಕ್ಕಿದ. ಒಂದು ಖಾಲಿ ಎಣ್ಣೆ ಕ್ಯಾನನ್ನು ಅಪ್ಪಿಕೊಂಡು, ಮೈಯೆಲ್ಲ ತರಚಿಹೋಗಿ, ಜೀವಂತ. ಕ್ಯಾನಿನ ಇನ್ನೊಂದು ಕಡೆ ಹಿಡಿದಿದ್ದ ತಿಮ್ಮಪ್ಪಣ್ಣನ ಕೈ ಯಾವಾಗ ಜಾರಿತೋ ಅಪ್ಪನಿಗೆ ಗೊತ್ತಿರಲಿಲ್ಲ. "ನಾ ಮಾತಾಡ್ತಾ ಇದ್ದೆ. ಅಂವ ಹೂಂ ಹೂಂ ಹೇಳ್ತಾ ಇದ್ದ. ಮತ್ತೆ ಹೇಳ್ಲಿಲ್ಲ" ಎಂದಷ್ಟೇ ಹೇಳುತ್ತಿದ್ದ.

ಮಾವ ಅಣ್ಣನಿಗೆ ಮೇಲಿಂದ ಮೇಲೆ ಫೋನ್ ಮಾಡಿದರು. ಹತ್ತಲಿಲ್ಲ. ಬೆಟ್ಟ ಇಳಿಯುವ ದಾರಿಯಲ್ಲಿ ಸಿಗ್ನಲ್ ಇಲ್ಲ, ಆಮೇಲೆ ವಿಮಾನ. ಗೋವಾದಲ್ಲಿ ಇಳಿದ ಮೇಲೆ ಅವನೇ ಮಾಡಿದ. ಮಾವ ಆಸ್ಪತ್ರೆಯ ಅಂಗಳದಲ್ಲಿ ನಿಂತು ಕೂಗಿದರು, "ಸಿಕ್ಕಿದಾ ಮಾರಾಯಾ! ನಿನ್ನಪ್ಪ ಜೀವ ಇದ್ದ! ಗಂಜಿ ಉಣ್ತಾ ಇದ್ದ!" ಆ ಕಡೆ ಅಣ್ಣ ಫೋನ್ ಇಟ್ಟೇಬಿಟ್ಟ. ಖುಷಿಗೆ ಎಂದುಕೊಂಡೆವು.

ಸಂಜೆಯ ರೈಲಿಗೆ ಹೊನ್ನಾವರದಲ್ಲಿ ಇಳಿದು ನೇರ ಆಸ್ಪತ್ರೆಗೆ ಬಂದ. ಗಡ್ಡ ಬೋಳಿಸಿರಲಿಲ್ಲ. ಅಣ್ಣನನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಅಪ್ಪನ ಕಾಲು ಹಿಡಿದುಕೊಂಡು ಮಂಚದ ತುದಿಯಲ್ಲಿ ಕೂತ. ಅಪ್ಪನಿಗೆ ನಗು.

"ಎಂತಕೆ ಬಂದ್ಯಾ? ನಾ ಸಾಯೂ ಪೈಕಿ ಅಲ್ಲ ಹೇಳಿ ಗೊತ್ತಿಲ್ಲನಾ? ರಜೆ ಕೊಟ್ರನಾ?"

"ಹೂಂ" ಎಂದ ಅಣ್ಣ.

ಆಗ ನನ್ನ ಫೋನ್ ರಿಂಗಾಯಿತು. ಅಣ್ಣ ತನ್ನ ಕಡೆಯ ಕಾಗದಗಳಲ್ಲಿ ಮನೆಯ ನಂಬರೆಂದು ಅಪ್ಪನದನ್ನೂ ನನ್ನದನ್ನೂ ಕೊಟ್ಟಿದ್ದ. ಅಪ್ಪನ ಫೋನ್ ಕಡಲಲ್ಲಿತ್ತು. ಹಿಂದಿಯಲ್ಲಿ, ಬಹಳ ಮರ್ಯಾದೆಯ ಒಂದು ದನಿ, ಕ್ಯಾಪ್ಟನ್ ಮಂಜುನಾಥ ಮನೆ ತಲುಪಿದರೇ ಎಂದು ಕೇಳಿತು. ನನಗೆ ನನ್ನ ಹಿಂದಿಯ ಮೇಲೆ ಜಂಬ. ವಾರ್ಡಿನಲ್ಲಿದ್ದವರೆಲ್ಲ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ: ಹೌದು, ತಲುಪಿದ್ದಾರೆ, ತಂದೆ ಬದುಕಿದ್ದಾರೆ, ಇಂಥ ಹೊತ್ತಿನಲ್ಲಿ ರಜೆ ಕೊಟ್ಟಿರಲ್ಲ, ನಿಮ್ಮ ಉಪಕಾರ ಮರೆಯುವುದಿಲ್ಲ.

ಆ ದನಿ ನನ್ನ ಮಾತನ್ನು ಪೂರ್ತಿ ಕೇಳಿತು. ಮತ್ತೆ ಮೆಲ್ಲಗೆ, "ತಂದೆಯವರು ಬದುಕಿದ್ದು ಕೇಳಿ ಸಂತೋಷ, ತಂಗಿ. ಆದರೆ ರಜೆ ಯಾರೂ ಕೊಟ್ಟಿಲ್ಲ. ಫೋನ್ ಅವರ ಕೈಗೆ ಕೊಡಿ."

ಅಣ್ಣ ಫೋನ್ ತೆಗೆದುಕೊಂಡದ್ದೇ ಎದ್ದು ನಿಂತ. ಮಂಚಗಳ ನಡುವಿನ ಆ ಇಕ್ಕಟ್ಟಿನಲ್ಲಿ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತು, "ಸರ್, ಹೌದು ಸರ್, ನನ್ನದೇ ತಪ್ಪು ಸರ್" ಎನ್ನುತ್ತಿದ್ದ. ಪಕ್ಕದ ಮಂಚದ ಮುದುಕಿ ಅವನನ್ನೇ ನೋಡುತ್ತಿದ್ದಳು. ಅಪ್ಪನ ಕೈಯಲ್ಲಿ ಗಂಜಿಯ ಚಮಚ ಹಾಗೇ ನಿಂತಿತ್ತು.

ಫೋನ್ ಇಟ್ಟ ಮೇಲೆ ಅಣ್ಣನೇ ಹೇಳಿದ. ಮೇಲಧಿಕಾರಿ ರಜೆ ಇಲ್ಲ ಎಂದಿರಲಿಲ್ಲ. ಬದಲಿ ಅಧಿಕಾರಿಯನ್ನು ಕಳಿಸುತ್ತೇನೆ, ಅವನು ಬಂದು ಮುಟ್ಟಲಿ, ಕಾವಲು ಒಪ್ಪಿಸಿ ಹೊರಡು ಎಂದಿದ್ದರು. ಅಣ್ಣ ಕಾಯಲಿಲ್ಲ. ತನ್ನ ಕೈಕೆಳಗಿನ ವಯಸ್ಸಾದ ಸುಬೇದಾರರಿಗೆ ನೋಡಿಕೊಳ್ಳಿ ಎಂದು ಹೇಳಿ, ರೇಷನ್ ತಂದ ಗಾಡಿ ಹತ್ತಿ ಇಳಿದುಬಿಟ್ಟಿದ್ದ.

ಅಪ್ಪ ಗಂಜಿಯ ಬಟ್ಟಲನ್ನು ಕೆಳಗಿಟ್ಟ.

"ಅಲ್ಲಿ ಎಷ್ಟು ಜನ ಇದ್ರು?"

"ಇಪ್ಪತ್ತರ ಮೇಲೆ."

"ತಾಂಡೇಲ ಯಾರು?"

ಅಣ್ಣ ತಲೆ ತಗ್ಗಿಸಿದ. "ನಾನೇ, ಅಪ್ಪ."

ಅಪ್ಪ ಗೋಡೆಯ ಕಡೆ ಮಗ್ಗುಲಾಗಿ ಮಲಗಿದ. ಅವನ ಬೆನ್ನಿನ ತರಚುಗಾಯಗಳಿಗೆ ಹಚ್ಚಿದ ಕೆಂಪು ಔಷಧ ನನ್ನ ಕಣ್ಣಿಗೆ ಈಗಲೂ ಕಟ್ಟಿದ ಹಾಗಿದೆ.

ಬೆಳಕು ಹರಿದದ್ದೇ ಅಣ್ಣ ವಾಪಸು ಹೊರಟವನು. ಆದರೆ ಅದೇ ಬೆಳಿಗ್ಗೆ ಮುರ್ಡೇಶ್ವರದಿಂದ ದಕ್ಷಿಣಕ್ಕೆ, ನಮ್ಮ ಹೆಬಳೆಯ ಕಡೆಗೆ, ತಿಮ್ಮಪ್ಪಣ್ಣ ದಡಕ್ಕೆ ಬಂದ. ಅವನ ಮಗ ದುಬೈಯಲ್ಲಿ. ಕಂಪನಿಯವರು ವಾರ ಕಳೆಯಲಿ ಅಂದಿದ್ದರು. ಹುಡುಗ ಫೋನಿನಲ್ಲಿ ಅಳುತ್ತಿದ್ದ, ಬರಲಾರೆ ಎನ್ನುತ್ತಿದ್ದ. ನೀರಿನ ಅಂಚಿನಲ್ಲಿ ಮಲಗಿಸಿ ಸುತ್ತ ಜನ ನಿಂತಿದ್ದರು. ಮಳೆ ಹೊಡೆಯುತ್ತಿತ್ತು. ತಿಮ್ಮಪ್ಪಣ್ಣನ ಹೆಂಡತಿ ಅಣ್ಣನ ಕಡೆ ನೋಡಿದಳು.

"ಮಂಜಾ, ನೀ ಮುಟ್ಟು ಮಗಾ. ಎಷ್ಟು ಹೊತ್ತು ಹಿಂಗೇ ಇಡೂದು."

ಅಣ್ಣ ಮೊಣಕಾಲೂರಿ ತಿಮ್ಮಪ್ಪಣ್ಣನ ಹಣೆ ಮುಟ್ಟಿದ. ಮತ್ತೆ ತಲೆಯ ಕಡೆಗೆ ಹೆಗಲು ಕೊಟ್ಟ. ಅವತ್ತು ಇಡೀ ಕೇರಿ ಒಂದೇ ಮಾತು ಹೇಳಿತು: ಮಂಜ ಬಂದದ್ದು ಒಳ್ಳೆದಾತು. ಅಮ್ಮ ಅದನ್ನು ಹೇಳಿಕೊಂಡು ಸಮಾಧಾನ ಪಟ್ಟಳು. ಅಣ್ಣ ಮಾತ್ರ ಯಾರ ಮುಖವನ್ನೂ ನೋಡದೆ, ಮಿಂದು, ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ರೈಲು ಹತ್ತಿದ. ನಿಲ್ದಾಣದಲ್ಲಿ ನನ್ನ ತಲೆ ಮುಟ್ಟಿ, "ಓದು ಬಿಡೂಕಾಗ" ಎಂದ.

ನಾವು ಏನೋ ಬೈದು ಬಿಡುತ್ತಾರೆ ಎಂದುಕೊಂಡಿದ್ದೆವು. ಮಾವನಂತೂ ಬಂದರಿನಲ್ಲಿ ಕೇಳಿದವರಿಗೆಲ್ಲ ಹೇಳುತ್ತಿದ್ದರು. "ಕೆಲಸದಿಂದ ತೆಗೂದಾ? ಸಾಧ್ಯವೇ ಇಲ್ಲ. ಅಪ್ಪ ಸಾಯೂ ಹೊತ್ತಿಗೆ ಬಂದ ಹುಡುಗನ ಯಾರು ತೆಗಿತ್ರು? ಆಫೀಸರ್ ಅಂವ, ಕೂಲಿ ಅಲ್ಲ." ಮಾವ ಸಾಧ್ಯವೇ ಇಲ್ಲ ಎಂದದ್ದು ಅದು ಎರಡನೆಯ ಸಲ.

ಅಧಿಕಾರಿ ಎಂಬುದಕ್ಕೇ ಅದು ದೊಡ್ಡ ತಪ್ಪು ಎಂಬುದು ನಮಗೆ ನಿಧಾನವಾಗಿ ತಿಳಿಯಿತು. ಅಣ್ಣನನ್ನು ಬೇರೊಂದು ಘಟಕಕ್ಕೆ ಕಳಿಸಿ ಅಲ್ಲಿ ಇರಿಸಿದರು. ಕೆಲಸವಿಲ್ಲ. ಕೋಣೆ ಬಿಟ್ಟು ಊಟಕ್ಕೆ ಹೋದರೂ ಜೊತೆಗೆ ಇನ್ನೊಬ್ಬ ಅಧಿಕಾರಿ. ಮೊದಲು ವಿಚಾರಣೆ, ಸಾಕ್ಷಿಗಳ ಹೇಳಿಕೆ, ಆಮೇಲೆ ಸೈನಿಕ ನ್ಯಾಯಾಲಯ. ಟೋಪಿ, ಬೆಲ್ಟು ತೆಗೆಸಿ ನಿಲ್ಲಿಸುತ್ತಾರಂತೆ. ಫೋನಿನಲ್ಲಿ ಅವನು ಹೇಳುತ್ತಿದ್ದದ್ದು ಕಡಿಮೆ. "ಊಟ ಆತನಾ?" ಎಂದರೆ "ಆತು." "ಎಂತ ಹೇಳ್ತ್ರು ಅವರು?" ಎಂದರೆ "ಕೇಳ್ತ್ರು, ನಾ ಹೇಳ್ತೆ, ಅಷ್ಟೇ."

ಮಾವ ಯಾರ್ಯಾರದೋ ಶಿಫಾರಸು ತರಲು ಓಡಾಡಿದರು. ತಿಮ್ಮಪ್ಪಣ್ಣನ ವಿಷಯವನ್ನೂ ಕೋರ್ಟಿಗೆ ಹೇಳಿಸಬೇಕು, ಅದನ್ನು ಕೇಳಿದರೆ ಕಲ್ಲೂ ಕರಗುತ್ತದೆ ಎಂದರು. ಅಣ್ಣ ಒಪ್ಪಲಿಲ್ಲ.

"ಅದು ನಾ ಬಂದ ಮೇಲೆ ಆದದ್ದು ಮಾವಾ. ನಾ ಬಿಟ್ಟು ಬಂದದ್ದಕ್ಕೆ ಅದನ್ನ ತೋರ್ಸೂಕೆ ನಂಗೆ ಮುಖ ಇಲ್ಲ."

"ನಿಂದು ಹಟ ಮಾರಾಯಾ. ಅಲ್ಲಿ ಏನೂ ಆಗ್ಲಿಲ್ಲ ಅಲ್ದಾ? ಒಂದು ಗುಂಡು ಹಾರ್ಲಿಲ್ಲ!"

"ಏನೂ ಆಗ್ಲಿಲ್ಲ ಹೇಳೂದು ನನ್ನ ಪುಣ್ಯ. ನನ್ನ ಕೆಲಸ ಅಲ್ಲ."

ಆ ಚಳಿಗಾಲ ನಾನು ಬೇರೆ ಬಸ್ಸಿಗೆ ಹೋಗಲು ಶುರುಮಾಡಿದೆ. ಪರಿಚಯದ ಕಂಡಕ್ಟರು "ಕ್ಯಾಪ್ಟನ್ ಸಾಹೇಬ್ರು ಹೆಂಗಿದ್ರು ತಂಗಿ?" ಎಂದು ಕೇಳುವುದನ್ನು ನನ್ನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಕಾಲೇಜಿನಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ, ನಾನು ಬಂದಾಗ ಮಾತು ಬದಲಿಸುತ್ತಿದ್ದರು, ಅದೇ ಸಾಕಿತ್ತು. ಒಂದು ದಿನ ಹೆಬಳೆಯ ತಿರುವಿನಲ್ಲಿ ಫ್ಲೆಕ್ಸ್ ಇರಲಿಲ್ಲ. ಬರೀ ನಾಲ್ಕು ಹಗ್ಗದ ತುಂಡು ಜೋತಾಡುತ್ತಿದ್ದವು. ಗಾಳಿಗೆ ಹರಿಯಿತು ಎಂದರು ಮಾವ. ಮಾಗಿಯ ತಿಂಗಳು, ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ.

ಅಪ್ಪ ಆಮೇಲೆ ಕಡಲಿಗೆ ಇಳಿಯಲಿಲ್ಲ. ಮೈ ಗುಣವಾಗಿತ್ತು, ಕರೆಯಲು ದೋಣಿಯವರೂ ಬಂದಿದ್ದರು. ಹೋಗಲಿಲ್ಲ. ಬಂದರಿನ ಕಡೆಗೂ ಹೋಗುತ್ತಿರಲಿಲ್ಲ. ಅಲ್ಲಿ ಯಾರೋ ತಮಾಷೆಗೆ, "ಎಣ್ಣೆ ಕ್ಯಾನ್ ಹಿಡ್ಕಂಡು ಜೀವ ಉಳಿಸ್ಕಂಡೆ, ಮಗನ ಕೆಲಸ ಕಡಲಿಗೆ ಬಿಟ್ಟೆ" ಎಂದಿದ್ದರಂತೆ. ಅಂದವರಿಗೆ ಅದು ಮರುಗಳಿಗೆಯೇ ಮರೆತಿರಬೇಕು. ಅಪ್ಪ ಚಾವಡಿಯಲ್ಲಿ ಕೂತು ಹರಿದ ಬಲೆ ಹೆಣೆಯುವುದಷ್ಟೇ ಮಾಡುತ್ತಿದ್ದ. ಯಾರಾದರೂ ಬಂದರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದ. ಬದುಕಿ ಬಂದದ್ದಕ್ಕೆ ನಾಚಿಕೆ ಪಡುವ ಮನುಷ್ಯನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಪರೀಕ್ಷೆಗಳ ಹೊತ್ತಿಗೆ ತೀರ್ಪಾಯಿತು. ಅಣ್ಣ ತಪ್ಪು ಒಪ್ಪಿಕೊಂಡಿದ್ದ. ಅವನ ಪರ ನಿಂತ ಅಧಿಕಾರಿ ಅಪ್ಪನ ವಿಷಯವನ್ನೂ, ಹಿಂದಿನ ಒಳ್ಳೆಯ ಸೇವೆಯನ್ನೂ ಹೇಳಿದ್ದರು. ಅದನ್ನು ನೋಡಿಯೇ ಜೈಲಿಲ್ಲದೆ ಮುಗಿಯಿತಂತೆ. ಸೇವೆಯಿಂದ ವಜಾ. ಮೇಲಿನವರ ಒಪ್ಪಿಗೆ ಬಂದ ಮೇಲೆ ಅವನು ಒಂದು ಟ್ರಂಕು ಹಿಡಿದುಕೊಂಡು ಭಟ್ಕಳ ನಿಲ್ದಾಣದಲ್ಲಿ ಇಳಿದ. ಕರೆತರಲು ನಾನೊಬ್ಬಳೇ ಹೋಗಿದ್ದೆ. ಆಟೋದಲ್ಲಿ ಅವನು, "ಮುಂದೆ ಸರಕಾರಿ ಕೆಲಸ ಸಿಗೂದಿಲ್ಲ. ಮಾಜಿ ಸೈನಿಕ ಹೇಳಿಯೂ ಹೇಳ್ಕಂಬುಕೆ ಆಗೂದಿಲ್ಲ. ಅಮ್ಮಂಗೆ ನೀನೇ ತಿಳ್ಸಿ ಹೇಳು" ಎಂದ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅವನ ಹುದ್ದೆಯನ್ನು ಕೆರೆದು ತೆಗೆದಿದ್ದ. ಹೆಸರು ಮಾತ್ರ ಉಳಿದಿತ್ತು.

ಅವತ್ತು ಊಟಕ್ಕೆ ಅಮ್ಮ ಅವನಿಗೆಂದು ಬಂಗಡೆ ಹುರಿದಿದ್ದಳು. ಅಪ್ಪನೂ ಅವನೂ ಎದುರುಬದುರು ಕೂತಿದ್ದರು. ಅಪ್ಪ ತಟ್ಟೆ ನೋಡುತ್ತಲೇ ಕೇಳಿದ.

"ನಾ ಸತ್ತಿದ್ರೆ ಬಿಡ್ತಿದ್ರನಾ ನಿನ್ನ?"

ಅಮ್ಮ ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋದಳು.

"ಇಲ್ಲ ಅಪ್ಪ," ಎಂದ ಅಣ್ಣ. "ಸತ್ತಿದ್ರೂ ತಪ್ಪು ತಪ್ಪೇ. ನೀ ಬದ್ಕಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಸಂಬಂಧ ಇಲ್ಲನಾ," ಎಂದು ಅಪ್ಪ ತನ್ನಷ್ಟಕ್ಕೆ ಅಂದುಕೊಂಡ. ಬಂಗಡೆಯ ಒಂದು ತುಂಡನ್ನು ತೆಗೆದು ಅಣ್ಣನ ತಟ್ಟೆಗೆ ಹಾಕಿದ. ಇಬ್ಬರೂ ಅದನ್ನು ತಿನ್ನಲಿಲ್ಲ.

ಅಣ್ಣ ತನ್ನ ಶಿಕ್ಷೆಯ ಬಗ್ಗೆ ಒಮ್ಮೆಯೂ ದುಃಖ ಹೇಳಿಕೊಂಡವನಲ್ಲ. ಅವನನ್ನು ತಿಂದದ್ದು ಸುಬೇದಾರರ ವಿಷಯ. ಅಣ್ಣ ಇಳಿದು ಹೋದ ದಿನ ಕೆಳಗಿನಿಂದ ವೈರ್‌ಲೆಸ್ಸಿನಲ್ಲಿ ಕೇಳಿದಾಗ ಆ ಹಿರಿಯರು, ಸಾಹೇಬರು ಗಸ್ತಿಗೆ ಹೋಗಿದ್ದಾರೆ ಎಂದು ಸುಳ್ಳು ಹೇಳಿದ್ದರು. ಹುಡುಗ ಅಪ್ಪನನ್ನು ಕಳೆದುಕೊಂಡಿದ್ದಾನೆ ಎಂಬ ಮರುಕ. ನಿವೃತ್ತಿಯ ಅಂಚಿನಲ್ಲಿದ್ದವರು, ಕೊನೆಗೆ ಗೌರವಾರ್ಥವಾಗಿ ಮೇಲಿನ ಪದವಿಯೊಂದು ಸಿಗುತ್ತದೆ ಎಂದು ಮನೆಯವರೆಲ್ಲ ಕಾದಿದ್ದರು. ಆ ಒಂದು ಸುಳ್ಳಿಗೆ ಛೀಮಾರಿ ಬಿತ್ತು, ಪದವಿ ತಪ್ಪಿತು. ಅವರು ಒಮ್ಮೆ ನಮ್ಮ ಮನೆಗೆ ಫೋನ್ ಮಾಡಿದರು. ದನಿ ಕೇಳಿದ್ದೇ ಅಣ್ಣ ಫೋನನ್ನು ಅಪ್ಪನಿಗೆ ಕೊಟ್ಟ. ಅಪ್ಪನ ಹಿಂದಿ ಎಂದರೆ ಭಟ್ಕಳ ಪೇಟೆಯಲ್ಲಿ ಮೀನು ಮಾರುತ್ತಾ ಕಲಿತ ಉರ್ದು. ಸುಬೇದಾರರು ಹೇಳಿದ್ದು ಇಷ್ಟೇ: ನೀವು ಬದುಕಿದ್ದೀರಲ್ಲ, ನಮಗೆ ಅದೇ ದೊಡ್ಡದು. ಅಪ್ಪ ಫೋನ್ ಇಟ್ಟು, ಎದ್ದು ಹಿತ್ತಿಲಿಗೆ ಹೋದ.

ನನ್ನ ಫಲಿತಾಂಶ ಬಂತು. ಪಾಸಾದೆ, ಒಳ್ಳೆಯ ಅಂಕವೇ. ಹೇಳಿಕೊಳ್ಳಲು ನಾಚಿಕೆ ಏನಿಲ್ಲ, ಕಷ್ಟಪಟ್ಟು ಗಳಿಸಿದ್ದು. ಮೀನು ಬುಟ್ಟಿ ಹೊತ್ತವಳ ಮಗಳು, ಸೀಮೆಎಣ್ಣೆ ವಾಸನೆಯ ಪುಸ್ತಕದಲ್ಲಿ ಓದಿದವಳು. ಕೇರಿಯ ಸಂಘದಲ್ಲಿ ಪ್ರತಿವರ್ಷ ಮಳೆ ಬಿಟ್ಟ ಮೇಲೆ ಓದಿದ ಮಕ್ಕಳಿಗೆ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಗಾಜು ಹಾಕಿದ ಒಂದು ಪ್ರಶಸ್ತಿ ಪತ್ರ. ಅಣ್ಣನಿಗೆ ಕೊಟ್ಟಾಗ ನಾನು ಲಂಗ ತೊಟ್ಟು ಮುಂದಿನ ಸಾಲಿನಲ್ಲಿ ಕೂತು ಅಂಗೈ ಉರಿಯುವವರೆಗೆ ಚಪ್ಪಾಳೆ ತಟ್ಟಿದ್ದೆ.

ಅಣ್ಣ ಬರುವುದಿಲ್ಲ ಎಂದ. ಊರಿಗೆ ಬಂದಾಗಿನಿಂದ ಅವನು ನಾಲ್ಕು ಜನ ಸೇರಿದಲ್ಲಿಗೆ ಹೋಗಿರಲೇ ಇಲ್ಲ. ಬಂದರಿನ ಐಸ್ ಕಾರ್ಖಾನೆಯಲ್ಲಿ ಲೆಕ್ಕ ನೋಡುವ ಕೆಲಸ ಹಿಡಿದು, ಮುಖ ತಗ್ಗಿಸಿ ಹೋಗಿ ಮುಖ ತಗ್ಗಿಸಿ ಬರುತ್ತಿದ್ದ.

"ನೀ ಬರದಿದ್ರೆ ನಾನೂ ಸ್ಟೇಜ್ ಹತ್ತೂದಿಲ್ಲ" ಎಂದೆ.

"ಹಟ ಮಾಡೂಕಾಗ ತಂಗಿ."

"ನಿನ್ನ ತಂಗಿ. ಮತ್ತೆ ಯಾರ ಹಟ ಬತ್ತು?"

ಬಂದ. ಸಭಾಭವನದ ಕೊನೆಯ ಬೆಂಚಿನಲ್ಲಿ, ಚಪ್ಪಲಿ ಬಿಡುವ ಬಾಗಿಲ ಪಕ್ಕ, ಅರ್ಧ ಒಳಗೆ ಅರ್ಧ ಹೊರಗೆ ಎಂಬ ಹಾಗೆ ಕೂತ. ಸುತ್ತ ಇದ್ದವರು ಸ್ವಲ್ಪ ಸರಿದು ಕೂತರು. ಜಾಗ ಕೊಟ್ಟದ್ದೋ ದೂರ ಹೋದದ್ದೋ ತಿಳಿಯಲಿಲ್ಲ.

ಮಾವ ಅಧ್ಯಕ್ಷರು. ಮೈಕಿನ ಮುಂದೆ ನಿಂತು ಮೀಸೆ ಸವರಿಕೊಂಡರು. ಅವರಿಗೆ ಅಣ್ಣನ ಮೇಲೆ ಸಿಟ್ಟಿತ್ತೆಂದು ನಾನು ಈಗಲೂ ಹೇಳಲಾರೆ. ಪ್ರೀತಿ ಹೆಚ್ಚಾಗಿ, ಅದನ್ನು ಎಲ್ಲಿಡಬೇಕೆಂದು ತಿಳಿಯದ ಮನುಷ್ಯ. ಯಾರಿಗೂ ನೋವಾಗದಿರಲಿ ಎಂದುಕೊಂಡೇ ಹೇಳಿದರೋ ಏನೋ: "ಈ ಕೇರಿಯಲ್ಲಿ ಡಿಗ್ರಿ ಆಗೂದು ಸಾಧ್ಯ ಇಲ್ಲ ಹೇಳಿ ನಾನೇ ಒಂದು ಕಾಲಕ್ಕೆ ಹೇಳಿದ್ದೆ. ಇಂದು ನನ್ನ ತಂಗಿ ಮಗಳು ಅದನ್ನ ಸುಳ್ಳು ಮಾಡಿದ್ಲು. ನಮ್ಮ ಕೇರಿಯ ಮೊದಲ ಡಿಗ್ರಿ!"

ಚಪ್ಪಾಳೆ ಬಿತ್ತು. ಆದರೆ ಒಂದೇ ಸಲಕ್ಕೆ ಬೀಳಲಿಲ್ಲ. ಅಲ್ಲಲ್ಲಿ ಶುರುವಾಗಿ, ನಿಂತು, ಮತ್ತೆ ಸೇರಿಕೊಂಡಿತು. ಎಲ್ಲರಿಗೂ ಗೊತ್ತಿತ್ತು. ಬೋಳಿಸಿದ ಮೀಸೆಯನ್ನು ನೋಡಿದವರೇ ಎಲ್ಲರೂ. ನನ್ನ ಹೆಗಲ ಮೇಲೆ ಶಾಲು ಬಿತ್ತು. ಮೊದಲನೆಯವಳು ನಾನಲ್ಲ ಎಂಬ ಮಾತು ನಾಲಿಗೆಯವರೆಗೆ ಬಂದು, ಮೈಕ್ ಎದುರಿಗಿದ್ದೂ, ಅಲ್ಲೇ ನಿಂತಿತು. ಕೊನೆಯ ಬೆಂಚಿನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಸಂಘದ ಪದ್ಧತಿಯಂತೆ ಪ್ರಶಸ್ತಿ ಪತ್ರವನ್ನು ಮಕ್ಕಳ ಜೊತೆ ಹೆತ್ತವರೂ ಬಂದು ಹಿಡಿಯಬೇಕು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ವರ್ಷದ ಮೇಲೆ ಕೇರಿಯ ಎದುರು ಬಂದದ್ದು ಅದೇ ಮೊದಲು. ಪತ್ರ ನನ್ನ ಕೈಗೆ ಬಂತು, ನಾನು ಅಪ್ಪನ ಕೈಗೆ ಕೊಟ್ಟೆ. ಫೋಟೋ ತೆಗೆದರು. ಕೆಳಗಿಳಿದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರುತ್ತಾನೆ ಎಂದುಕೊಂಡರೆ ಅಪ್ಪ ಕೂರಲಿಲ್ಲ. ಪತ್ರವನ್ನು ಎದೆಗೆ ಒತ್ತಿಕೊಂಡು ನಡುದಾರಿಯಲ್ಲಿ ನಡೆಯತೊಡಗಿದ. ಬಂಡೆಗೆ ಬಡಿದ ಕಾಲು ಈಗಲೂ ಸ್ವಲ್ಪ ಎಳೆಯುತ್ತಿತ್ತು. ಮಾವ ಮೈಕಿನಲ್ಲಿ ಮುಂದಿನ ಹೆಸರು ಕರೆಯಬೇಕಾದವರು ಕರೆಯಲಿಲ್ಲ. ಜನ ತಲೆ ತಿರುಗಿಸಿ ನೋಡಿದರು. ನಾನು ಶಾಲಿನ ಸಮೇತ ಅಪ್ಪನ ಹಿಂದೆ ಓಡಿದೆ.

ಅಪ್ಪ ಕೊನೆಯ ಬೆಂಚಿನವರೆಗೂ ಹೋದ. ಅಣ್ಣ ಗಾಬರಿಯಿಂದ ಎದ್ದು ನಿಂತ. ಆಸ್ಪತ್ರೆಯಲ್ಲಿ ಫೋನ್ ಹಿಡಿದು ನಿಂತ ಹಾಗೆಯೇ, ನೆಟ್ಟಗೆ. ಅಪ್ಪ ಅವನ ಹೆಗಲು ಅದುಮಿ ಕೂರಿಸಿದ, ಪತ್ರವನ್ನು ತೊಡೆಯ ಮೇಲಿಟ್ಟು, ಅವನ ಎರಡೂ ಕೈಗಳನ್ನು ಹಿಡಿದು ಅದರ ಮೇಲಿರಿಸಿದ.

"ತಂಗೀದು. ಗಾಜು ಉಂಟು, ಜೋಪಾನ," ಎಂದ. "ನಂಗೆ ಹಸಿವಾತು, ಉಂಡ್ಕಂಡು ಬತ್ತೆ. ನಾ ಬರೂವರಿಗೆ ಇಲ್ಲಿಂದ ಏಳೂಕಾಗ."